ಕುಲಾವಿ, ಸ್ವೆಟರ್‌ಗೆ ಉಲ್ಲನ್ ಎಷ್ಟು ಬೇಕು? ಅಳತೆ ತಪ್ಪದ ಹಾಗೆ ಲೆಕ್ಕ ಹಾಕೋದು ಹೇಗೆ?

ಹಾಸನದ ಅಜ್ಜಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಅಕ್ಟೋಬರ್‌ನಲ್ಲಿ ದಿನ ತುಂಬುತ್ತದೆ. ಬಾಣಂತನಕ್ಕೆ ನಾನು ಟೊರಾಂಟೊಗೆ ಹೋಗುತ್ತಿದ್ದೇನೆ. ಮೊದಲ ಮೊಮ್ಮಗು. ಒಂದು ಕುಲಾವಿ, ಒಂದು ಮುಂದೆ ಗುಂಡಿ ಇರುವ ಸ್ವೆಟರ್ ನನ್ನ ಕೈಯಲ್ಲೇ ಹೆಣೆದು ಒಯ್ಯಬೇಕು ಅಂತ ಆಸೆ.

ಸೀದಾ ಹೆಣಿಗೆ ನಿಟ್, ಉಲ್ಟಾ ಹೆಣಿಗೆ ಪರ್ಲ್, ಎರಡೂ ಬರುತ್ತದೆ. ಆದರೆ ಹೋದ ವರ್ಷ ಮನೆಯವರಿಗೆ ಒಂದು ಸ್ವೆಟರ್ ಹೆಣೆದೆ. ಇಂಟರ್ನೆಟ್‌ನಲ್ಲಿ ಸಿಕ್ಕಿದ ಪ್ಯಾಟರ್ನ್. ಎದೆ ಸುತ್ತಳತೆ 108 ಸೆಂ.ಮೀ. ಬರಬೇಕಿತ್ತು. ಪ್ಯಾಟರ್ನ್‌ನಲ್ಲಿ ಹೇಳಿದಷ್ಟೇ ಸ್ಟಿಚ್ ಹಾಕಿದೆ, ಹೇಳಿದ 8ನೇ ನಂಬರ್ ಕಡ್ಡಿಯನ್ನೇ ಬಳಸಿದೆ. ಆದರೂ ಬಂದದ್ದು 92. ಅವರಿಗೆ ತೋಳೇ ಏರಲಿಲ್ಲ. ಜೊತೆಗೆ ಅರ್ಧದಲ್ಲೇ ದಾರ ಮುಗಿಯಿತು. ಮತ್ತೆ ತಂದ ದಾರದ ಬಣ್ಣ ಬೇರೆ, ಒಂದು ತೋಳು ಎದ್ದು ಕಾಣುತ್ತದೆ. ನಾಲ್ಕು ತಿಂಗಳ ಕೆಲಸ ಅದು. ತುಂಬ ಬೇಸರವಾಯಿತು.

ಮಗುವಿನ ಬಟ್ಟೆಗೆ ಹಾಗೆ ಆಗಬಾರದು. ಎಲ್ಲಿ ತಪ್ಪಿತು? ಈ ಸಲ ಯಾವ ದಾರ, ಎಷ್ಟು ತರಲಿ?

ಎರಡು ಕಡ್ಡಿ

ಅಕ್ಕ, ಮೊದಲು ಒಂದು ಮಾತು ಕೇಳುತ್ತೇನೆ. ಆ ಪ್ಯಾಟರ್ನ್ ಅಮೆರಿಕದ್ದಾ? ಕಡ್ಡಿ ನಮ್ಮ ಊರಿನ ಅಂಗಡಿಯದ್ದಾ?

ಹಾಸನದ ಅಜ್ಜಿ

ಹೌದು, ಎರಡೂ ನಿಜ. ಕಡ್ಡಿ ನಮ್ಮ ಅಮ್ಮನದು, ತಲೆ ಮೇಲೆ 8 ಅಂತ ಕೆತ್ತಿದೆ.

ಎರಡು ಕಡ್ಡಿ

ಹಾಗಾದರೆ ನಿಮ್ಮ ಕೈಯದು ಏನೂ ತಪ್ಪಿಲ್ಲ. ನಮ್ಮಲ್ಲಿ ಕಡ್ಡಿಗೆ ಇಂಗ್ಲೆಂಡಿನ ಹಳೆ ನಂಬರ್ ನಡೆಯುತ್ತದೆ. ಅದರಲ್ಲಿ ನಂಬರ್ ಏರಿದ ಹಾಗೆ ಕಡ್ಡಿ ತೆಳುವಾಗುತ್ತದೆ. ಅಮೆರಿಕದ್ದು ಇದಕ್ಕೆ ಪೂರ್ತಿ ಉಲ್ಟಾ, ನಂಬರ್ ಏರಿದ ಹಾಗೆ ದಪ್ಪ. ನಮ್ಮ 8 ಎಂದರೆ 4 ಮಿ.ಮೀ. ಅಮೆರಿಕದ 8 ಎಂದರೆ 5 ಮಿ.ಮೀ. ಒಂದು ಮಿಲಿಮೀಟರ್ ತೆಳು ಕಡ್ಡಿಯಲ್ಲಿ ನೀವು ಇಡೀ ಸ್ವೆಟರ್ ಹೆಣೆದಿದ್ದೀರಿ. ಪ್ರತಿ ಸ್ಟಿಚ್ ಸಣ್ಣದಾಯಿತು.

ನಂಬರ್ ನೋಡೋದನ್ನು ಬಿಟ್ಟುಬಿಡಿ. ಮಿ.ಮೀ. ಒಂದೇ ಎಲ್ಲ ಕಡೆ ಒಂದೇ. ಹಳೆ ಕಡ್ಡಿ ಮೇಲೆ ಮಿ.ಮೀ. ಇಲ್ಲದಿದ್ದರೆ ತೂತುಗಳಿರುವ ಅಳತೆಪಟ್ಟಿ ಸಿಗುತ್ತದೆ. ಕಡ್ಡಿ ಯಾವ ತೂತಿನಲ್ಲಿ ಸರಿಯಾಗಿ ಇಳಿಯುತ್ತದೋ ಅದೇ ಅದರ ಅಳತೆ.

ಲೆಕ್ಕದ ಮೇಷ್ಟ್ರು

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವನು. ನಿವೃತ್ತಿ ಆದ ಮೇಲೆ ಹೆಂಡತಿಯಿಂದ ಹೆಣಿಗೆ ಕಲಿತೆ. ಅಮ್ಮ, ಆ ಪ್ಯಾಟರ್ನ್‌ನಲ್ಲಿ 'ಗೇಜ್' ಅಂತ ಒಂದು ಸಾಲು ಇತ್ತಾ? 10 ಸೆಂ.ಮೀ.ಗೆ ಇಷ್ಟು ಸ್ಟಿಚ್ ಅಂತ? ಮತ್ತೆ ದಾರದ ವಿವರವೂ ಬೇಕು. ಪ್ಯಾಟರ್ನ್‌ನಲ್ಲಿ ಹೇಳಿದ್ದು ಯಾವುದು, ನೀವು ತಂದದ್ದು ಯಾವುದು?

ಹಾಸನದ ಅಜ್ಜಿ

ಹುಡುಕಿ ನೋಡಿದೆ. 10 ಸೆಂ.ಮೀ.ಗೆ 18 ಸ್ಟಿಚ್ ಅಂತ ಇದೆ. ಒಟ್ಟು 194 ಸ್ಟಿಚ್. ನನ್ನ ಸ್ವೆಟರ್‌ನಲ್ಲಿ ಈಗ ಎಣಿಸಿದರೆ 10 ಸೆಂ.ಮೀ.ಗೆ 21 ಇದೆ. ದಾರ ಅವರು ಹೇಳಿದ್ದು ಉಣ್ಣೆ, 50 ಗ್ರಾಂನ 10 ಉಂಡೆ, ಒಂದು ಉಂಡೆ 105 ಮೀಟರ್. ನಾನು ತಂದದ್ದು ಹತ್ತಿ ದಾರ. ಅದೂ 50 ಗ್ರಾಂ, 10 ಉಂಡೆ. ಲೇಬಲ್‌ನಲ್ಲಿ 85 ಮೀಟರ್ ಅಂತ ಬರೆದಿದೆ. ಈಗಲೇ ಗಮನಿಸಿದ್ದು.

ಲೆಕ್ಕದ ಮೇಷ್ಟ್ರು

ನೋಡಿ, ಎರಡೂ ತಪ್ಪು ಇಲ್ಲೇ ಸಿಕ್ಕಿತು.

ಅಗಲ: 194 ಸ್ಟಿಚ್ ÷ 18 × 10 = ಸುಮಾರು 108 ಸೆಂ.ಮೀ. ಪ್ಯಾಟರ್ನ್ ಬರೆದವರ ಲೆಕ್ಕ ಸರಿ. 194 ÷ 21 × 10 = 92 ಸೆಂ.ಮೀ. ನಿಮ್ಮ ಸ್ವೆಟರೂ ಸರಿಯಾಗಿ ಅಷ್ಟೇ ಬಂದಿದೆ. 10 ಸೆಂ.ಮೀ.ನಲ್ಲಿ ಮೂರೇ ಸ್ಟಿಚ್ ವ್ಯತ್ಯಾಸ, ಎದೆ ಸುತ್ತ ಸುತ್ತಿದಾಗ 16 ಸೆಂ.ಮೀ. ಆಯಿತು.

ದಾರ: ಅವರಿಗೆ ಬೇಕಿದ್ದದ್ದು 10 × 105 = 1050 ಮೀಟರ್. ನೀವು ತಂದದ್ದು 10 × 85 = 850 ಮೀಟರ್. 200 ಮೀಟರ್ ಕಡಿಮೆ. ಅಂದರೆ ಇನ್ನೂ ಮೂರು ಉಂಡೆ ಬೇಕಿತ್ತು. ಹತ್ತಿ ಭಾರದ ದಾರ. ಅದೇ ದಪ್ಪದ ಉಣ್ಣೆಗಿಂತ ಗ್ರಾಂಗೆ ಕಡಿಮೆ ಉದ್ದ ಬರುತ್ತದೆ. ಅದಕ್ಕೇ ಉಲ್ಲನ್ ತರುವಾಗ ಗ್ರಾಂ ಲೆಕ್ಕ ಸಾಲದು, ಮೀಟರ್ ಲೆಕ್ಕ ಬೇಕು. ಸ್ವೆಟರ್ ತಿನ್ನುವುದು ಉದ್ದವನ್ನು, ತೂಕವನ್ನಲ್ಲ.

ನೂಲುಂಡೆ

ಬಣ್ಣದ ವಿಷಯ ನಾನು ಹೇಳುತ್ತೇನೆ. ಲೇಬಲ್ ಮೇಲೆ ಬಣ್ಣದ ನಂಬರ್ ಜೊತೆ ಲಾಟ್ ನಂಬರ್ ಅಂತಲೂ ಇರುತ್ತದೆ. ಒಂದು ಹಂಡೆಯಲ್ಲಿ ಒಟ್ಟಿಗೆ ಅದ್ದಿದ ದಾರಕ್ಕೆ ಒಂದು ಲಾಟ್. ಅದೇ ಬಣ್ಣ ಇನ್ನೊಂದು ಸಲ ಅದ್ದಿದರೆ ಒಂಚೂರು ಬೇರೆ ಆಗುತ್ತದೆ. ಉಂಡೆಯಲ್ಲಿ ಕಾಣುವುದಿಲ್ಲ, ಹೆಣೆದ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ. ಎಲ್ಲ ಉಂಡೆಯ ಲಾಟ್ ನಂಬರ್ ಒಂದೇ ಇದೆಯಾ ಅಂತ ಅಂಗಡಿಯಲ್ಲೇ ನಿಂತು ನೋಡಿಕೊಳ್ಳಿ. ಒಂದು ಉಂಡೆ ಜಾಸ್ತಿಯೇ ತನ್ನಿ.

ಲೇಬಲ್ ಎಸೆಯಬೇಡಿ. ನಾನು ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಲೇಬಲ್ ಅಂಟಿಸಿ, ಪಕ್ಕದಲ್ಲಿ ಒಂದು ಗೇಣು ದಾರ ಕಟ್ಟಿಡುತ್ತೇನೆ.

ಟೊರಾಂಟೊ ಕನ್ನಡತಿ

ಆಂಟಿ, ನಾನು ಅದೇ ಊರಿನಲ್ಲಿದ್ದೇನೆ, ಎರಡು ಮಕ್ಕಳನ್ನು ಇಲ್ಲೇ ಬೆಳೆಸಿದ್ದೇನೆ. ಒಂದೆರಡು ವಿಷಯ ಹೇಳಬೇಕು.

ಹುಟ್ಟಿದ ಮಗುವಿನ ಅಳತೆಗೆ ಹೆಣೆಯಬೇಡಿ. ಮಗು ಅಕ್ಟೋಬರ್‌ನಲ್ಲಿ ಹುಟ್ಟಿದರೆ ಇಲ್ಲಿ ನಿಜವಾದ ಚಳಿ ಜನವರಿ, ಫೆಬ್ರವರಿಯಲ್ಲಿ. ಆಗ ಮಗುವಿಗೆ ಮೂರು, ನಾಲ್ಕು ತಿಂಗಳು. ಹುಟ್ಟಿದಾಗ ತಲೆ ಸುತ್ತಳತೆ ಸುಮಾರು 35 ಸೆಂ.ಮೀ. ಇರುತ್ತದೆ, ಮೂರು ತಿಂಗಳಿಗೆ 40ರ ಹತ್ತಿರ ಹೋಗುತ್ತದೆ. ಸ್ವೆಟರ್ ಅನ್ನು ಆರು ತಿಂಗಳ ಅಳತೆಗೆ ಮಾಡಿ, ಎದೆ ಸುಮಾರು 43. ಮೊದಲು ಕೈ ಮಡಚಿ ಹಾಕಿದರಾಯಿತು.

ತೊಳೆಯುವುದು ಮೆಷಿನ್‌ನಲ್ಲೇ. ಬಾಣಂತಿ ಮನೆಯಲ್ಲಿ ಮಗುವಿನ ಸ್ವೆಟರ್ ಕೈಯಲ್ಲಿ ಒಗೆದು ನೆರಳಲ್ಲಿ ಚಪ್ಪಟೆ ಒಣಗಿಸುತ್ತಾ ಕೂರುವುದು ಕಷ್ಟ. ಮಾಮೂಲಿ ಉಣ್ಣೆ ಬಿಸಿನೀರು, ಕುಲುಕಾಟ ಎರಡೂ ಸೇರಿದರೆ ಗಂಟುಗಟ್ಟಿ ಕುಗ್ಗಿಬಿಡುತ್ತದೆ.

ಇನ್ನೊಂದು ಮುಖ್ಯ. ನಮ್ಮಲ್ಲಿ ಬಾಣಂತಿ ಕೋಣೆಯಲ್ಲಿ ಮಗುವಿಗೆ ಹಗಲೂ ರಾತ್ರಿ ಕುಲಾವಿ ಹಾಕಿಯೇ ಇಡುತ್ತೇವೆ. ಇಲ್ಲಿ ಮನೆಯೊಳಗೆ ಹೀಟರ್ ಇರುತ್ತದೆ. ಮಗು ಮಲಗುವಾಗ ಕುಲಾವಿ ಬೇಡ. ಮೈ ಬಿಸಿ ಏರಬಹುದು, ಜಾರಿ ಮುಖದ ಮೇಲೂ ಬರಬಹುದು. ಹೊರಗೆ ಹೊರಟಾಗ ಹಾಕಿ. ಕತ್ತಿಗೆ ಕಟ್ಟುವ ದಾರ, ಟೋಪಿ ತುದಿಗೆ ಕುಚ್ಚು ಇಡಬೇಡಿ.

ಕೊಡಗಿನ ಚಳಿ

ನಾನು ಉಣ್ಣೆ ಪರ. ಮಡಿಕೇರಿಯ ಮಳೆಗಾಲದಲ್ಲಿ ಅಕ್ರಿಲಿಕ್ ಸ್ವೆಟರ್ ಹಾಕಿದರೆ ಒಳಗೆ ಬೆವರು, ಹೊರಗೆ ಥಂಡಿ. ಉಣ್ಣೆ ಸ್ವಲ್ಪ ತೇವ ಹೀರಿದರೂ ಬೆಚ್ಚಗೇ ಇರುತ್ತದೆ. ಬೆಂಕಿಯೂ ಬೇಗ ಹಿಡಿಯುವುದಿಲ್ಲ. ಅಕ್ರಿಲಿಕ್ ಕಾದರೆ ಕರಗಿ ಮೈಗೆ ಅಂಟುತ್ತದೆ. ಮಗುವಿಗೆ ದಯವಿಟ್ಟು ಉಣ್ಣೆಯನ್ನೇ ತೊಡಿಸಿ.

ನೂಲುಂಡೆ

ನಾನು ಅಕ್ರಿಲಿಕ್‌ನ ಪರವಾಗಿ ಒಂದು ಮಾತು ಹೇಳಬೇಕು. ಅಗ್ಗ, ಚುಚ್ಚುವುದಿಲ್ಲ, ಹುಳ ತಿನ್ನುವುದಿಲ್ಲ, ಹೇಗೆ ಒಗೆದರೂ ಆಗುತ್ತದೆ. ಕಲಿಯುವವರ ಕೈಗೆ ನಾನು ಕೊಡುವುದೂ ಅದೇ. ಬೆಂಗಳೂರಿನ ಡಿಸೆಂಬರ್‌ಗೆ ಸಾಕು. ಬೇಸಿಗೆಗೆ, ಕರಾವಳಿಗೆ ಹತ್ತಿ ವಾಸಿ. ಆದರೆ ಹತ್ತಿ ಉಣ್ಣೆಯ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಒದ್ದೆಯಾದರೆ ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತದೆ. ಟೋಪಿಯ ಪಟ್ಟಿಗೆ ಹಿಡಿತ ಬೇಕು. ಅಲ್ಲಿ ಹತ್ತಿ ಸೋಲುತ್ತದೆ.

ಟೊರಾಂಟೊಗೆ ಮಾತ್ರ ಕೊಡಗಿನವರ ಮಾತಿಗೆ ನನ್ನದೂ ಒಪ್ಪಿಗೆ. ಮೆಷಿನ್‌ನಲ್ಲಿ ಒಗೆಯಬಹುದಾದ ಉಣ್ಣೆ ಬರುತ್ತದೆ, ಲೇಬಲ್ ಮೇಲೆ 'ಸೂಪರ್‌ವಾಷ್' ಅಂತ ಇರುತ್ತದೆ. ಮೆರಿನೊ ಕುರಿಯ ಮೃದು ಉಣ್ಣೆ, ಸೂಪರ್‌ವಾಷ್, 'ಡಿಕೆ' ಅನ್ನುವ ಮಧ್ಯಮ ದಪ್ಪ. ಅದನ್ನು ತರಿಸಿಕೊಳ್ಳಿ.

ಚಿತ್ರದುರ್ಗದ ಹುಡುಗ

ನಡುವೆ ಬಂದೆ, ಕ್ಷಮಿಸಿ. ಚಳ್ಳಕೆರೆ ಕಡೆ ನಮ್ಮವರು ಕಂಬಳಿಗೆ ಉಣ್ಣೆ ನೂಲುತ್ತಾರೆ. ಆ ನೂಲಿನಲ್ಲಿ ಸ್ವೆಟರ್ ಹೆಣೆಯಬಹುದಾ? ನಮ್ಮ ಉಣ್ಣೆ ಇರುವಾಗ ಹೊರಗಿನದು ಯಾಕೆ ಅನಿಸುತ್ತದೆ.

ಎರಡು ಕಡ್ಡಿ

ಕ್ಷಮೆ ಯಾಕಪ್ಪ, ಇಂಥ ಪ್ರಶ್ನೆ ಬರಬೇಕು. ನಮ್ಮ ದಖ್ಖನಿ ಕುರಿಯ ಉಣ್ಣೆಯ ಎಳೆ ದಪ್ಪ, ಒರಟು. ಅದಕ್ಕೇ ಕಂಬಳಿ ಮಳೆ ತಡೆಯುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದ ಕಂಬಳಿಗೆ ಸಾಟಿ ಇಲ್ಲ. ಆದರೆ ಎಳೆ ದಪ್ಪವಾದಷ್ಟೂ ಚರ್ಮಕ್ಕೆ ಚುಚ್ಚುತ್ತದೆ. ಮಗುವಿನ ಕತ್ತಿಗೆ ಆಗುವುದಿಲ್ಲ. ದಪ್ಪ ಕಡ್ಡಿಯಲ್ಲಿ ಚೀಲ, ಚಾಪೆ, ಅಂಗಿ ಮೇಲೆ ಹಾಕುವ ಜಾಕೆಟ್ ಹೆಣೆದು ನೋಡು. ಹೆಣೆದರೆ ಇಲ್ಲಿ ಫೋಟೊ ಹಾಕು.

ಹಾಸನದ ಅಜ್ಜಿ

ಸೂಪರ್‌ವಾಷ್ ಮೆರಿನೊ ಡಿಕೆ ಆನ್‌ಲೈನಲ್ಲಿ ನೋಡಿದೆ. 50 ಗ್ರಾಂ ಉಂಡೆ, 112 ಮೀಟರ್. 4 ಮಿ.ಮೀ. ಕಡ್ಡಿಗೆ 10 ಸೆಂ.ಮೀ.ಗೆ 22 ಸ್ಟಿಚ್, 30 ಸಾಲು ಅಂತ ಬರೆದಿದೆ. ಆದರೆ ನನ್ನ ಹಳೆ ಪುಸ್ತಕದಲ್ಲಿ ಮಗುವಿನ ಸ್ವೆಟರ್‌ಗೆ '4 ಪ್ಲೈ' ಅಂತ ಇದೆ. ಡಿಕೆ ಬೇರೆ, 4 ಪ್ಲೈ ಬೇರೆಯಾ?

ಎರಡು ಕಡ್ಡಿ

ಬೇರೆ ಅಕ್ಕ. ಇಲ್ಲಿ ಬಹಳ ಜನ ಎಡವುತ್ತಾರೆ. ಪ್ಲೈ ಎಂದರೆ ಎಳೆ. ನಾಲ್ಕು ಎಳೆ ಹೊಸೆದರೆ 4 ಪ್ಲೈ. ಒಂದೊಂದು ಎಳೆ ದಪ್ಪ ಇದ್ದರೆ ದಾರವೂ ದಪ್ಪ, ತೆಳುವಿದ್ದರೆ ತೆಳು. ಆದರೆ ಇಂಗ್ಲೆಂಡಿನ ಪ್ಯಾಟರ್ನ್‌ನಲ್ಲಿ 4 ಪ್ಲೈ ಅನ್ನುವುದು ಒಂದು ದಪ್ಪದ ಹೆಸರು, 10 ಸೆಂ.ಮೀ.ಗೆ ಸುಮಾರು 28 ಸ್ಟಿಚ್ ಬರುವ ತೆಳು ದಾರ. ಡಿಕೆಗೆ 22ರ ಆಸುಪಾಸು. ಆಸ್ಟ್ರೇಲಿಯಾದವರು ಅದೇ ಡಿಕೆಯನ್ನು 8 ಪ್ಲೈ ಅನ್ನುತ್ತಾರೆ. ನಮ್ಮ ಅಂಗಡಿಯ 4 ಪ್ಲೈ ಉಲ್ಲನ್ ಎಷ್ಟೋ ಸಲ ಡಿಕೆಯಷ್ಟು ದಪ್ಪ ಇರುತ್ತದೆ. ಹೆಸರು ನಂಬಬೇಡಿ, 10 ಸೆಂ.ಮೀ.ಗೆ ಎಷ್ಟು ಸ್ಟಿಚ್ ಅಂತ ನೋಡಿ.

ಮೊದಲು ಒಂದೇ ಉಂಡೆ ತರಿಸಿ ಸ್ಯಾಂಪಲ್ ಹೆಣೆಯಿರಿ. ಕನಿಷ್ಠ 15 ಸೆಂ.ಮೀ. ಚೌಕ. ಅಂಚಿನ ಸ್ಟಿಚ್ ಯಾವಾಗಲೂ ಸೊಟ್ಟ ಇರುತ್ತದೆ, ಅದಕ್ಕೇ ನಡುವಿನ 10 ಸೆಂ.ಮೀ. ಮಾತ್ರ ಅಳೆಯಬೇಕು. ಸಣ್ಣ ಸ್ಯಾಂಪಲ್‌ನಲ್ಲಿ ನಡು ಅನ್ನುವುದೇ ಇರುವುದಿಲ್ಲ. ಹೆಣೆದದ್ದನ್ನು ಮುಂದೆ ಸ್ವೆಟರ್ ಒಗೆಯುವ ಹಾಗೆಯೇ ಒಗೆಯಿರಿ. ಟವೆಲ್‌ನಲ್ಲಿ ಸುತ್ತಿ ಒತ್ತಿ, ಎಳೆಯದೆ ಚಪ್ಪಟೆ ಹರಡಿ ಒಣಗಿಸಿ. ಕಡ್ಡಿ ಮೇಲೆ ಇರುವಾಗ ಅಳೆಯಬೇಡಿ. ಅರ್ಧ ಸ್ಟಿಚ್ ಬಂದರೆ ಅರ್ಧ ಅಂತಲೇ ಬರೆಯಿರಿ.

ಬೇಗ ಬೇಗ

ಇಷ್ಟೆಲ್ಲ ಬೇಕಾ? ನಾನು ಸುಮ್ನೆ ಶುರು ಮಾಡುತ್ತೇನೆ, ಟೋಪಿ ತಾನೇ. ಸ್ಯಾಂಪಲ್ ಹೆಣೆಯುವ ಹೊತ್ತಿಗೆ ಅರ್ಧ ಟೋಪಿ ಆಗಿರುತ್ತದೆ.

ಎರಡು ಕಡ್ಡಿ

ಟೋಪಿಗೆ ನಿಮ್ಮ ಮಾತು ಒಪ್ಪುತ್ತೇನೆ. ಸಣ್ಣದು, ಬೇಗ ಮುಗಿಯುತ್ತದೆ, ಅದೇ ಒಂದು ಸ್ಯಾಂಪಲ್. ನಾನೂ ಹಾಗೆ ಮಾಡಿದ್ದುಂಟು. ಆದರೆ ಕುಲಾವಿಯನ್ನು ಸುತ್ತ ಹೆಣೆದರೆ ಬರೀ ನಿಟ್ ಸಾಲು, ಸ್ವೆಟರ್ ಅನ್ನು ಪ್ರತಿ ಸಾಲಿಗೂ ತಿರುಗಿಸಿ ಹೆಣೆದರೆ ಒಂದು ಸಾಲು ನಿಟ್, ಒಂದು ಸಾಲು ಪರ್ಲ್. ಬಹಳ ಜನರ ಕೈಯಲ್ಲಿ ಪರ್ಲ್ ಸ್ವಲ್ಪ ಸಡಿಲ. ಗೇಜ್ ಬದಲಾಗುತ್ತದೆ. ಅಕ್ಕ ಎರಡನ್ನೂ ತಿರುಗಿಸಿಯೇ ಹೆಣೆದರೆ ಒಂದೇ ಸ್ಯಾಂಪಲ್ ಸಾಕು. ನಾಲ್ಕು ತಿಂಗಳ ಕೆಲಸ ಕೈಬಿಟ್ಟವರಿಗೆ ಒಂದು ಸಂಜೆಯ ಸ್ಯಾಂಪಲ್ ಭಾರ ಅಲ್ಲ.

ಹಾಸನದ ಅಜ್ಜಿ

ಉಂಡೆ ಬಂತು. 4 ಮಿ.ಮೀ. ಕಡ್ಡಿಯಲ್ಲಿ ಹೆಣೆದೆ. ಒಗೆದ ಮೇಲೆ 21 ಬಂತು. ಒಂದೇ ಕಡಿಮೆ ತಾನೇ, ಬಿಡೋಣ ಅನಿಸಿತು. ಆಮೇಲೆ ಮೇಷ್ಟ್ರ ಲೆಕ್ಕ ನೆನಪಾಯಿತು. ಬಿಚ್ಚಿ, 9ನೇ ನಂಬರ್ ಕಡ್ಡಿಯಲ್ಲಿ ಮತ್ತೆ ಹೆಣೆದೆ. ಅಳತೆಪಟ್ಟಿಯಲ್ಲಿ ನೋಡಿದೆ, 3.75 ಮಿ.ಮೀ. ಒಗೆಯುವ ಮೊದಲು 23 ಸ್ಟಿಚ್ ಇತ್ತು. ಒಗೆದು ಒಣಗಿದ ಮೇಲೆ 22 ಸ್ಟಿಚ್, 30 ಸಾಲು. ಒಂದೇ ಒಗೆತಕ್ಕೆ ಹೀಗೆ ಹಿಗ್ಗಿದ್ದು ಯಾಕೆ?

ನೂಲುಂಡೆ

ಸೂಪರ್‌ವಾಷ್ ಉಣ್ಣೆಯ ಗುಣ ಅದು. ಉಣ್ಣೆಯ ಎಳೆ ಮೇಲೆ ಮೀನಿನ ಹಾಗೆ ಹೊಪ್ಪಳೆ ಇರುತ್ತದೆ. ಅವು ಒಂದಕ್ಕೊಂದು ಸಿಕ್ಕಿಕೊಂಡರೆ ಬಟ್ಟೆ ಗಂಟುಗಟ್ಟುತ್ತದೆ. ಸೂಪರ್‌ವಾಷ್ ಮಾಡುವಾಗ ಆ ಹೊಪ್ಪಳೆಯನ್ನು ಸವೆಸುತ್ತಾರೆ, ಅಥವಾ ಮೇಲೆ ತೆಳು ಲೇಪ ಕೊಡುತ್ತಾರೆ. ಕುಗ್ಗುವುದು ನಿಲ್ಲುತ್ತದೆ, ಆದರೆ ಎಳೆಗಳ ನಡುವಿನ ಹಿಡಿತವೂ ಕಡಿಮೆಯಾಗುತ್ತದೆ. ಒದ್ದೆಯಾದಾಗ ಹಿಗ್ಗುತ್ತದೆ. ಒಗೆಯದೆ ಅಳೆದಿದ್ದರೆ ನೀವು 23 ಅಂತ ನಂಬಿ ಹೆಣೆಯುತ್ತಿದ್ದಿರಿ, ಅಲ್ವಾ?

ಲೆಕ್ಕದ ಮೇಷ್ಟ್ರು

ಬಹಳ ಸಂತೋಷ ಅಮ್ಮ. ಈಗ 1 ಸೆಂ.ಮೀ.ಗೆ 2.2 ಸ್ಟಿಚ್, 3 ಸಾಲು. ಈ ಎರಡು ಅಂಕಿ ಗೋಡೆ ಮೇಲೆ ಬರೆದಿಡಿ.

ಕುಲಾವಿ: ತಲೆ 40. ಟೋಪಿ ತಲೆಗಿಂತ ಸ್ವಲ್ಪ ಚಿಕ್ಕದಿರಬೇಕು, ಆಗ ಹಿಡಿದು ಕೂರುತ್ತದೆ. 37 ಇಡೋಣ. 37 × 2.2 = 81.4. ಎರಡು ನಿಟ್ ಎರಡು ಪರ್ಲ್ ಪಟ್ಟಿಗೆ ನಾಲ್ಕರಿಂದ ಭಾಗವಾಗುವ ಸಂಖ್ಯೆ ಬೇಕು, ಆದ್ದರಿಂದ 80. ಹಿಂದೆ ಹೊಲಿಯಲು ಆಚೆ ಈಚೆ ಒಂದೊಂದು ಸೇರಿಸಿ 82. 9 ಸೆಂ.ಮೀ. ನೇರ ಹೆಣೆಯಿರಿ. ಆಮೇಲೆ 80ನ್ನು ಹತ್ತತ್ತರ ಎಂಟು ಭಾಗ ಮಾಡಿ, ಸಾಲು ಬಿಟ್ಟು ಸಾಲು ಪ್ರತಿ ಭಾಗದಲ್ಲಿ ಒಂದು ಸ್ಟಿಚ್ ಕಡಿಮೆ ಮಾಡುತ್ತಾ ಹೋಗಿ. ಒಂಬತ್ತು ಸಲ ಕಡಿಮೆ ಮಾಡಿದರೆ ಎಂಟು ಉಳಿಯುತ್ತದೆ. ಹೊಲಿಗೆಯ ಎರಡನ್ನೂ ಸೇರಿಸಿ ದಾರ ಪೋಣಿಸಿ ಬಿಗಿದುಬಿಡಿ. ಆ 18 ಸಾಲು 6 ಸೆಂ.ಮೀ. ಒಟ್ಟು ಎತ್ತರ 15.

ಸ್ವೆಟರ್: ಎದೆ 43. ಇದು ಮೈಮೇಲೆ ಸಡಿಲ ಇರಬೇಕು. 5 ಸೇರಿಸಿ 48. ಸ್ಟಿಚ್ 48 × 2.2 = 105.6, ಅಂದರೆ 106. ಉದ್ದ 26 ಸೆಂ.ಮೀ., 78 ಸಾಲು.

ದಾರಕ್ಕೆ ನಿಮ್ಮ ಸ್ಯಾಂಪಲ್ ಅನ್ನೇ ತೂಗಬೇಕು. ಎಷ್ಟು ಚೌಕ, ಎಷ್ಟು ಗ್ರಾಂ?

ಹಾಸನದ ಅಜ್ಜಿ

15 × 15 ಸೆಂ.ಮೀ. ಅಡುಗೆಮನೆ ತಕ್ಕಡಿ ಒಮ್ಮೆ 8 ತೋರಿಸುತ್ತದೆ, ಒಮ್ಮೆ 10. ಹತ್ತಿರದ ಅಕ್ಕಸಾಲಿಗರ ಅಂಗಡಿಗೆ ತೆಗೆದುಕೊಂಡು ಹೋದೆ. ಚಿನ್ನ ತೂಗುವ ತಕ್ಕಡಿಯಲ್ಲಿ 9 ಗ್ರಾಂ. ಮೊಮ್ಮಗುವಿಗೆ ಅಂದ ತಕ್ಷಣ ಅವರೇ ಎರಡು ಸಲ ತೂಗಿ ಕೊಟ್ಟರು.

ಲೆಕ್ಕದ ಮೇಷ್ಟ್ರು

ಚಿನ್ನದ ತಕ್ಕಡಿಗಿಂತ ಒಳ್ಳೆಯದು ಬೇರೆ ಇಲ್ಲ. ಅಡುಗೆಮನೆಯದರಲ್ಲಿ ಒಂದು ಗ್ರಾಂ ತಪ್ಪಿದರೂ ನೂರಕ್ಕೆ ಹನ್ನೊಂದು ತಪ್ಪಿದ ಹಾಗೆ.

225 ಚದರ ಸೆಂ.ಮೀ.ಗೆ 9 ಗ್ರಾಂ. ಒಂದು ಚದರ ಸೆಂ.ಮೀ.ಗೆ 0.04 ಗ್ರಾಂ.

ಸ್ವೆಟರ್ ಮೈ 48 × 26 = 1248. ತೋಳು ಸರಾಸರಿ ಅಗಲ 17, ಉದ್ದ 16, ಎರಡಕ್ಕೆ 544. ಒಟ್ಟು 1792. ಅಂಚಿನ ಪಟ್ಟಿ, ಗುಂಡಿ ಪಟ್ಟಿ, ಕತ್ತು, ಹೊಲಿಗೆಗೆ ನೂರಕ್ಕೆ 15 ಸೇರಿಸಿ ಸುಮಾರು 2060. ಅದಕ್ಕೆ 0.04 ಗುಣಿಸಿದರೆ 82 ಗ್ರಾಂ. ಕುಲಾವಿ 37 × 15 = 555, ಅಂದರೆ 22 ಗ್ರಾಂ. ಪಟ್ಟಿ ಮಡಚುವುದಾದರೆ 25 ಇಟ್ಟುಕೊಳ್ಳಿ. ಒಟ್ಟು 107. ಎರಡು ಉಂಡೆ ಸಾಲದು. ಮೂರು ಬೇಕು.

ನೂಲುಂಡೆ

ಸ್ಯಾಂಪಲ್ ಉಂಡೆಯನ್ನು ಲೆಕ್ಕಕ್ಕೆ ಸೇರಿಸಬೇಡಿ ಅಕ್ಕ. ಬೇರೆ ಲಾಟ್ ಬರಬಹುದು. ಮೂರೂ ಹೊಸದಾಗಿ, ಒಟ್ಟಿಗೆ ತರಿಸಿ.

ಚಿಕ್ಕಪೇಟೆ ಕಡೆ ಲೇಬಲ್ ಇಲ್ಲದ ಲಡಿ ಕೊಳ್ಳುವವರಿಗೂ ಒಂದು ದಾರಿ ಇದೆ. 10 ಮೀಟರ್ ಅಳೆದು ಕತ್ತರಿಸಿ, ಇದೇ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ. 10 ಮೀಟರ್‌ಗೆ 4 ಗ್ರಾಂ ಬಂದರೆ 100 ಗ್ರಾಂ ಲಡಿಯಲ್ಲಿ 250 ಮೀಟರ್. ದಪ್ಪ ನೋಡಲು ಗೊತ್ತಿರುವ ದಾರ, ಹೊಸ ದಾರ ಎರಡನ್ನೂ ಒಂದೇ ಪೆನ್ಸಿಲ್‌ಗೆ ಒತ್ತೊತ್ತಾಗಿ ಒಂದೊಂದು ಇಂಚು ಸುತ್ತಿ. ಸುತ್ತು ಸಮ ಬಂದರೆ ದಪ್ಪವೂ ಸಮ.

ಹಾಸನದ ಅಜ್ಜಿ

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಎರಡೂ ಮುಗಿಯಿತು, ಒಗೆದು ಒಣಗಿತು. ಕುಲಾವಿ ಸುತ್ತಳತೆ 36.5 ಸೆಂ.ಮೀ. ಸ್ವೆಟರ್ ಎದೆ 48. ಮತ್ತೆ ಅಕ್ಕಸಾಲಿಗರ ಅಂಗಡಿಗೆ ಹೋದೆ. ಕುಲಾವಿ 24 ಗ್ರಾಂ, ಸ್ವೆಟರ್ 85. ಮೇಷ್ಟ್ರು 107 ಅಂದಿದ್ದರು, 109 ಬಂತು. ಎರಡೇ ಗ್ರಾಂ ವ್ಯತ್ಯಾಸ. ಅಂಗಡಿಯಲ್ಲೇ ಕಣ್ಣು ತುಂಬಿ ಬಂತು. ಗುಂಡಿಯನ್ನು ದಾರ ಎರಡೆಳೆ ಮಾಡಿ ಭದ್ರವಾಗಿ ಹೊಲಿದಿದ್ದೇನೆ. ಎಳೆದು ಎಳೆದು ನೋಡಿದೆ.

ಉಳಿದ 41 ಗ್ರಾಂನಲ್ಲಿ ಕಾಲುಚೀಲ ಶುರು ಮಾಡಿದ್ದೇನೆ. ಇನ್ನೊಂದು ಪ್ರಶ್ನೆ. ಮನೆಯವರ ಆ ಹತ್ತಿ ಸ್ವೆಟರ್ ಬಿಚ್ಚಿ ಮತ್ತೆ ಹೆಣೆಯಬಹುದಾ? ಒಟ್ಟು 13 ಉಂಡೆ ಹೋಗಿದೆ.

ಲೆಕ್ಕದ ಮೇಷ್ಟ್ರು

13 × 85 = 1105 ಮೀಟರ್. ಪ್ಯಾಟರ್ನ್ ಕೇಳಿದ್ದು 1050. ಸಾಲುತ್ತದೆ ಅಮ್ಮ.

ಎರಡು ಕಡ್ಡಿ

ಬಿಚ್ಚಿ ಅಕ್ಕ. ಬಿಚ್ಚಿದ ದಾರ ಗುಂಗುರಾಗಿರುತ್ತದೆ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೆನೆಸಿ, ನೇತುಹಾಕಿ ಒಣಗಿಸಿ. ನೆಟ್ಟಗಾಗುತ್ತದೆ. ಬೇರೆ ಲಾಟ್‌ನ ಮೂರು ಉಂಡೆಯನ್ನು ತೋಳಿಗೆ ಇಡಬೇಡಿ. ಮೈ ಹೆಣೆಯುವಾಗಲೇ ಎರಡು ಸಾಲು ಹಳೆ ಲಾಟ್, ಎರಡು ಸಾಲು ಹೊಸ ಲಾಟ್ ಅಂತ ಬೆರೆಸುತ್ತಾ ಹೋಗಿ, ಕಣ್ಣಿಗೆ ಬೇರೆ ಅಂತ ಕಾಣುವುದಿಲ್ಲ. ಈ ಸಲ 5 ಮಿ.ಮೀ. ಕಡ್ಡಿ. ಮೊದಲು ಸ್ಯಾಂಪಲ್ ಹೆಣೆದು ಒಗೆದು ಇಲ್ಲಿ ಅಂಕಿ ಹಾಕಿ.

ಟೊರಾಂಟೊ ಕನ್ನಡತಿ

ಆಂಟಿ, ಕಡ್ಡಿಗಳನ್ನು ಕೈಚೀಲದಲ್ಲಿ ಇಡಬೇಡಿ, ಲಗೇಜಿಗೆ ಹಾಕಿಬಿಡಿ. ಇಲ್ಲಿಗೆ ಬಂದ ಮೇಲೆ ದೊಡ್ಡ ಅಳತೆಯ ಉಲ್ಲನ್ ಬೇಕಾದರೆ ನಾನು ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ. ಮಗು ಒಂದು ವರ್ಷಕ್ಕೆ ಬಂದಾಗ ಎದೆ 46ರ ಹತ್ತಿರ ಆಗುತ್ತದೆ. ಮುಂದಿನ ಸ್ವೆಟರ್‌ಗೆ ಈಗಲೇ ಬರೆದಿಟ್ಟುಕೊಳ್ಳಿ.